ರಾಜಕೀಯ ವ್ಯಂಗ್ಯಚಿತ್ರ: ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಿಕೆಗಳಲ್ಲಿ ಬಂದ ವ್ಯಂಗ್ಯಚಿತ್ರಗಳನ್ನು ಕತ್ತರಿಸಿ, ಮೂಲೆಯಲ್ಲಿ ದಿನಾಂಕ ಬರೆದು, ಹಳೆಯ ಲೆಡ್ಜರುಗಳಲ್ಲಿ ಅಂಟಿಸಿಡುವ ರೂಢಿ ನನಗೆ ಶಾಲೆಯ ದಿನಗಳಿಂದಲೂ ಇದೆ. ಈ ವಿಷಯವಾಗಿ ಅಲ್ಲಲ್ಲಿ ಮಾತನಾಡಲು ಹೋದಾಗ ಸಭಿಕರು ಕೇಳಿದ ಮತ್ತು ಆಮೇಲೆ ಪತ್ರ ಬರೆದು ವಿಚಾರಿಸಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಎದುರಾದವನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ.

## ಆರಂಭದ ಪ್ರಶ್ನೆಗಳು

ವ್ಯಂಗ್ಯಚಿತ್ರ ಅಂದ್ರೆ ನಗಿಸೋ ಚಿತ್ರ ತಾನೇ?

ನಗು ಬರಬಹುದು, ಬರದೆಯೂ ಇರಬಹುದು. 'ವ್ಯಂಗ್ಯ' ಎಂಬ ಮಾತನ್ನು ನಾವಿಂದು ಚುಚ್ಚುನುಡಿ ಎಂಬ ಅರ್ಥದಲ್ಲಿ ಬಳಸುತ್ತೇವಾದರೂ, ನಮ್ಮ ಕಾವ್ಯಮೀಮಾಂಸೆಯಲ್ಲಿ ಅದಕ್ಕೆ ಬೇರೆಯೇ ತೂಕವಿದೆ. ಶಬ್ದವು ನೇರವಾಗಿ ಹೇಳುವುದು ವಾಚ್ಯ, ನೇರವಾಗಿ ಹೇಳದೆ ಸೂಚಿಸುವುದು ವ್ಯಂಗ್ಯ. ಆನಂದವರ್ಧನನು ಕಾವ್ಯದ ಆತ್ಮವೆಂದು ಕರೆದ ಧ್ವನಿ ನಿಂತಿರುವುದು ಈ ಸೂಚಿತಾರ್ಥದ ಮೇಲೆ. ಕುತೂಹಲದ ಸಂಗತಿಯೆಂದರೆ, ಧ್ವನಿಗೆ ಪ್ರಾಧಾನ್ಯವಿಲ್ಲದ ಕಾವ್ಯವನ್ನು ಅವನು 'ಚಿತ್ರ' ಎಂದು ಕರೆದು ಕೆಳಗಿನ ಸ್ಥಾನದಲ್ಲಿ ಇರಿಸಿದ. ಅವನು ದೂರ ದೂರ ಇಟ್ಟ ಆ ಎರಡು ಮಾತುಗಳನ್ನೇ ಕನ್ನಡವು ಒಂದು ಸಮಾಸದಲ್ಲಿ ಕೂಡಿಸಿದೆ, ಮತ್ತು ಅದರಿಂದ ಹುಟ್ಟಿದ ಪದ ಈ ಕಲೆಗೆ ಬಹಳ ಚೆನ್ನಾಗಿ ಹೊಂದುತ್ತದೆ ಎಂದು ನನ್ನ ನಂಬಿಕೆ. ವ್ಯಂಗ್ಯಚಿತ್ರಕಾರನು ಗೆರೆಯಲ್ಲಿ ಅರ್ಧವನ್ನು ಬರೆಯುತ್ತಾನೆ, ಉಳಿದರ್ಧವನ್ನು ನೋಡುಗನೇ ಪೂರೈಸಬೇಕು. ಹಾಗೆ ಪೂರೈಸುವ ಕ್ಷಣದಲ್ಲಿ ಕೆಲವೊಮ್ಮೆ ನಗು, ಕೆಲವೊಮ್ಮೆ ಸಿಟ್ಟು, ಕೆಲವೊಮ್ಮೆ ಮೈ ಜುಮ್ಮೆನ್ನುವಂಥ ನಾಚಿಕೆ ಹುಟ್ಟುತ್ತದೆ.

ಕಾರ್ಟೂನ್, ಕ್ಯಾರಿಕೇಚರ್, ಪಾಕೆಟ್ ಕಾರ್ಟೂನ್ ಎಲ್ಲಾ ಒಂದೇ ಅಲ್ವಾ?

ಅಲ್ಲ. ಒಬ್ಬ ವ್ಯಕ್ತಿಯ ಮುಖಲಕ್ಷಣವನ್ನು ಹಿಗ್ಗಿಸಿ ಬರೆದದ್ದು ಕ್ಯಾರಿಕೇಚರ್. ಸಂಪಾದಕೀಯ ಪುಟದಲ್ಲಿ ಅಗಲವಾಗಿ ಬರುವ, ಒಂದು ವಿದ್ಯಮಾನದ ಬಗ್ಗೆ ತೀರ್ಪು ಕೊಡುವ ಚಿತ್ರವೇ ರಾಜಕೀಯ ಕಾರ್ಟೂನ್. ಮುಖಪುಟದ ಒಂದು ಕಾಲಮಿನಲ್ಲಿ ಒಂದೆರಡು ಪಾತ್ರ ಮತ್ತು ಒಂದು ಸಾಲಿನ ಮಾತಿನೊಂದಿಗೆ ಬರುವುದು ಪಾಕೆಟ್ ಕಾರ್ಟೂನ್. 'ಪ್ರಜಾವಾಣಿ'ಯ ಪಾಕೆಟ್ ಕಾರ್ಟೂನಿಗೆ 'ಚಿನಕುರಳಿ' ಎಂಬ ಹೆಸರಿರುವುದು ಎಷ್ಟು ಸೂಕ್ತ ಎನ್ನುವುದು ದೀಪಾವಳಿಯಲ್ಲಿ ಆ ಪುಟ್ಟ ಪಟಾಕಿಯನ್ನು ಹಚ್ಚಿದವರಿಗೆಲ್ಲ ಗೊತ್ತು.

'ಕಾರ್ಟೂನ್' ಎಂಬ ಪದದ ಇಂದಿನ ಅರ್ಥವೇ ಒಂದು ವಿಡಂಬನೆಯಿಂದ ಬಂದದ್ದು. ಗೋಡೆಚಿತ್ರಕ್ಕೆ ಮೊದಲು ದಪ್ಪ ಕಾಗದದ ಮೇಲೆ ಬರೆಯುವ ಕರಡನ್ನು ಯುರೋಪಿನಲ್ಲಿ ಹಾಗೆ ಕರೆಯುತ್ತಿದ್ದರು. 1843ರಲ್ಲಿ ಲಂಡನ್ನಿನ ಸಂಸತ್ ಭವನವನ್ನು ಅಲಂಕರಿಸಲು ಇಂಥ ಕರಡುಗಳ ಪ್ರದರ್ಶನ ನಡೆದಾಗ, ಅಲ್ಲಿನ 'ಪಂಚ್' ಎಂಬ ಹಾಸ್ಯಪತ್ರಿಕೆಯ ಚಿತ್ರಕಾರ ಜಾನ್ ಲೀಚ್ ಆ ಪ್ರದರ್ಶನವನ್ನು ನೋಡುತ್ತ ನಿಂತ ಹರಕುಬಟ್ಟೆಯ ಬಡವರ ಚಿತ್ರ ಬರೆದು ಅದನ್ನೂ 'ಕಾರ್ಟೂನ್' ಎಂದೇ ಪ್ರಕಟಿಸಿದ.

ನಮ್ಮಲ್ಲಿ ಇದನ್ನ ಶುರು ಮಾಡಿದ್ದು ಯಾರು? ಕನ್ನಡದಲ್ಲಿ ಯಾವಾಗಿನಿಂದ ಇದೆ?

ಭಾರತಕ್ಕೆ ಈ ಕಲೆ ಬಂದದ್ದು 'ಪಂಚ್' ಪತ್ರಿಕೆಯ ದಾರಿಯಲ್ಲಿಯೇ. ಲಖನೌದಲ್ಲಿ 1877ರಲ್ಲಿ ಉರ್ದುವಿನ 'ಅವಧ್ ಪಂಚ್' ಹೊರಟಿತು. ತಮಿಳಿನಲ್ಲಿ ಸುಬ್ರಹ್ಮಣ್ಯ ಭಾರತಿಯವರು ತಮ್ಮ 'ಇಂಡಿಯಾ' ಪತ್ರಿಕೆಯಲ್ಲಿ ವಸಾಹತು ಸರ್ಕಾರದ ವಿರುದ್ಧ ವ್ಯಂಗ್ಯಚಿತ್ರಗಳನ್ನು ಬಳಸಿದರು.

ಕನ್ನಡದಲ್ಲಿ ಈ ಕಲೆಗೆ ಒಂದು ಮನೆ ಕಟ್ಟಿಕೊಟ್ಟವರು ವೃತ್ತಿಯಿಂದ ವೈದ್ಯರಾಗಿದ್ದ ಡಾ. ಎಂ. ಶಿವರಾಂ, ಅಂದರೆ ನಮ್ಮೆಲ್ಲರ 'ರಾಶಿ'. ಬೆಂಗಳೂರಿನ ಮೆಜೆಸ್ಟಿಕ್ ಪ್ರದೇಶದಲ್ಲಿ ರೋಗಿಗಳನ್ನು ನೋಡುತ್ತಲೇ ಅವರು 1942ರಲ್ಲಿ 'ಕೊರವಂಜಿ'ಯನ್ನು ಆರಂಭಿಸಿ 25 ವರ್ಷ ನಡೆಸಿದರು. ಯುದ್ಧ, ಕಾಗದದ ಅಭಾವ, ಕ್ವಿಟ್ ಇಂಡಿಯಾ ಚಳವಳಿ ಇವೆಲ್ಲ ಒಟ್ಟಿಗೆ ಮುತ್ತಿದ್ದ ವರ್ಷದಲ್ಲಿ ಒಬ್ಬ ವೈದ್ಯರಿಗೆ ಹಾಸ್ಯಪತ್ರಿಕೆ ಬೇಕೆನಿಸಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ. ಕೊರವಂಜಿ ಬಾಗಿಲಿಗೆ ಬಂದು ಕೈ ನೋಡಿ ಕಣಿ ಹೇಳುವವಳು. ದೊಡ್ಡಮನೆಯ ಯಜಮಾನನಿಗೂ ಅವನಿಗೆ ಬೇಡವಾದ ಮಾತನ್ನು ಹೇಳಬಲ್ಲವಳು. ನಾ. ಕಸ್ತೂರಿಯವರಂಥ ಬರಹಗಾರರ ಜೊತೆಗೆ, ಆಗಿನ್ನೂ ಮೈಸೂರಿನಲ್ಲಿ ಓದುತ್ತಿದ್ದ ಆರ್.ಕೆ. ಲಕ್ಷ್ಮಣ್ ಎಂಬ ಹುಡುಗನೂ ಆ ಪತ್ರಿಕೆಯ ಪುಟಗಳಲ್ಲಿ ಕೈ ಪಳಗಿಸಿಕೊಂಡ. ಮುಂದೆ 'ಅಪರಂಜಿ' ಆ ಪರಂಪರೆಯನ್ನು ಮುಂದುವರಿಸಿತು. ದಿನಪತ್ರಿಕೆಗಳ ಲೋಕದಲ್ಲಿ 'ಡೆಕ್ಕನ್ ಹೆರಾಲ್ಡ್'ನ ಬಿ.ವಿ. ರಾಮಮೂರ್ತಿಯವರ 'ಮಿಸ್ಟರ್ ಸಿಟಿಜನ್' ಬೆಂಗಳೂರಿನ ಒಂದು ಇಡೀ ತಲೆಮಾರಿಗೆ ಬೆಳಗಿನ ಕಾಫಿಯ ಜೊತೆಗಾರನಾಗಿದ್ದ.

ಲಕ್ಷ್ಮಣ್ ಅವರ ಶ್ರೀಸಾಮಾನ್ಯ ಯಾಕೆ ಒಂದು ಮಾತೂ ಆಡೋದಿಲ್ಲ?

ಅವನು ಮಾತನಾಡಿದ್ದರೆ ಚಿತ್ರ ಅಲ್ಲಿಗೇ ಮುಗಿದುಹೋಗುತ್ತಿತ್ತು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣ್, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಪ್ರವೇಶ ಸಿಗದೆ ಮಹಾರಾಜಾ ಕಾಲೇಜಿನಲ್ಲಿ ಓದಿ, 'ಟೈಮ್ಸ್ ಆಫ್ ಇಂಡಿಯಾ' ಸೇರಿದ ಮೇಲೆ 1951ರಲ್ಲಿ ತಮ್ಮ ದೈನಂದಿನ ಪಾಕೆಟ್ ಕಾರ್ಟೂನ್ ಆರಂಭಿಸಿದರು. ಧೋತರ, ಚೌಕಳಿ ಕೋಟು, ದುಂಡು ಕನ್ನಡಕ, ಕಿವಿಯ ಬಳಿ ಮಾತ್ರ ಉಳಿದ ಕೂದಲು: ಈ ಮನುಷ್ಯ ಮಂತ್ರಿಗಳ ಕೋಣೆಯಲ್ಲಿ, ಪ್ರವಾಹದ ದಂಡೆಯಲ್ಲಿ, ವಿಮಾನ ನಿಲ್ದಾಣದಲ್ಲಿ, ಎಲ್ಲೆಲ್ಲೂ ಇರುತ್ತಾನೆ. ಮಾತನಾಡುವವರು ಉಳಿದವರು. ಅವರು ಆಡಿದ ಮಾತು ಅವನ ಬೆರಗುಗೊಂಡ ಮುಖವನ್ನು ತಟ್ಟಿ ನಮ್ಮ ಕಡೆಗೆ ತಿರುಗುತ್ತದೆ, ಉತ್ತರ ಕೊಡುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಅವನ ಮೌನವನ್ನು ಅಸಹಾಯಕತೆ ಎಂದು ಟೀಕಿಸುವವರಿದ್ದಾರೆ, ಆ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ನನಗೆ ಮಾತ್ರ ಅವನು ಸಾಕ್ಷಿಯಂತೆ ಕಾಣುತ್ತಾನೆ. ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಕರೆಯುವ ಮೊದಲು ಅವನು ಸುಮ್ಮನೆಯೇ ಕುಳಿತಿರುತ್ತಾನೆ.

## ಚಿತ್ರವನ್ನು ಓದುವ ಬಗೆ

ಹಳೇ ಕಾರ್ಟೂನ್ ನೋಡಿದ್ರೆ ನನಗೆ ಏನೂ ಅರ್ಥ ಆಗಲ್ಲ. ಅದನ್ನ ಓದೋದು ಹೇಗೆ?

ಇದು ನಿಮ್ಮ ಕೊರತೆಯಲ್ಲ. ಚಿತ್ರಕಾರನು ಬಿಟ್ಟ ಅರ್ಧವನ್ನು ಅಂದಿನ ಓದುಗ ಆ ವಾರದ ಸುದ್ದಿಯಿಂದ ತುಂಬಿಕೊಳ್ಳುತ್ತಿದ್ದ. ನಮಗೆ ಆ ಸುದ್ದಿ ಕಳೆದುಹೋಗಿದೆ. ಆದ್ದರಿಂದ ಮೊದಲು ದಿನಾಂಕ ನೋಡಿ, ಆ ದಿನದ ಹಿಂದಿನ ವಾರದಲ್ಲಿ ಏನು ನಡೆಯಿತೆಂದು ತಿಳಿಯಿರಿ, ಆಮೇಲೆ ಚಿತ್ರದಲ್ಲಿ ಯಾರು ದೊಡ್ಡವರಾಗಿ, ಯಾರು ಸಣ್ಣವರಾಗಿ ಕಾಣುತ್ತಾರೆ, ಯಾರು ಚೌಕಟ್ಟಿನ ಆಚೆಗಿದ್ದಾರೆ ಎಂದು ಗಮನಿಸಿ.

ಒಂದು ಉದಾಹರಣೆಯನ್ನು ವಿವರವಾಗಿಯೇ ನೋಡೋಣ. 1975ರ ಡಿಸೆಂಬರಿನಲ್ಲಿ 'ಇಂಡಿಯನ್ ಎಕ್ಸ್‌ಪ್ರೆಸ್'ನಲ್ಲಿ ಅಬು ಅಬ್ರಹಾಂ ಒಂದು ಚಿತ್ರ ಬರೆದರು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸ್ನಾನದ ತೊಟ್ಟಿಯಲ್ಲಿದ್ದಾರೆ. ಅರ್ಧ ತೆರೆದ ಬಾಗಿಲಿನಿಂದ ಒಂದು ಕೈ ಮಾತ್ರ ಒಳಗೆ ಚಾಚಿದೆ. ಸಹಿ ಮಾಡಿದ ಕಾಗದವನ್ನು ಆ ಕೈಗೆ ಕೊಡುತ್ತ ಅವರು, ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಸ್ವಲ್ಪ ಕಾಯಲು ಹೇಳಿ ಎನ್ನುತ್ತಾರೆ. ಇಷ್ಟೇ. ತುರ್ತು ಪರಿಸ್ಥಿತಿಯ ಘೋಷಣೆಗೆ ಜೂನ್ 25ರ ರಾತ್ರಿ ಅವರು ಸಹಿ ಹಾಕಿದ್ದು, ಆಮೇಲೆ ಸುಗ್ರೀವಾಜ್ಞೆಗಳು ಒಂದರ ಹಿಂದೊಂದು ಬಂದದ್ದು ಗೊತ್ತಿದ್ದವರಿಗೆ ಈ ಚಿತ್ರ ತಟ್ಟನೆ ತೆರೆದುಕೊಳ್ಳುತ್ತದೆ. ಆ ಕೈ ಯಾರದು ಎಂಬುದನ್ನು ಅಬು ಬರೆಯಲಿಲ್ಲ. ಪ್ರಧಾನಿಯ ಮುಖವಾಗಲಿ, ಹೆಸರಾಗಲಿ ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಪತ್ರಿಕೆಗಳ ಮೇಲೆ ಸೆನ್ಸಾರ್ ಇದ್ದ ಕಾಲದಲ್ಲಿ ಈ ಚಿತ್ರ ಅಚ್ಚಾಯಿತೆಂಬುದೇ ಆಶ್ಚರ್ಯ. ಐವತ್ತು ವರ್ಷಗಳ ಮೇಲೂ ಅದು ನೆನಪಿನಲ್ಲಿ ಉಳಿದಿರುವುದು ಬಾಗಿಲಿನ ಆಚೆಗೆ ಏನಿದೆಯೆಂದು ಹೇಳದೆ ಬಿಟ್ಟ ಕಾರಣಕ್ಕೆ.

ಕುರ್ಚಿ, ರೆಸಾರ್ಟು, ವಿಧಾನಸೌಧ... ಯಾವಾಗಲೂ ಅದನ್ನೇ ಬರೀತಾರಲ್ಲ, ಬೇಸರ ಆಗಲ್ವಾ?

ಈ ಗುರುತುಗಳು ವ್ಯಂಗ್ಯಚಿತ್ರದ ವರ್ಣಮಾಲೆ, ಮತ್ತು ಅವನ್ನು ಒದಗಿಸುವವರು ರಾಜಕಾರಣಿಗಳೇ. 2007ರ ನವೆಂಬರಿನಲ್ಲಿ ಕರ್ನಾಟಕದ ಒಂದು ಸರ್ಕಾರ ಏಳು ದಿನಗಳಲ್ಲಿ ಮುಗಿಯಿತು. 2018ರ ಮೇ 17ರಂದು ಪ್ರಮಾಣವಚನ ಸ್ವೀಕರಿಸಿದ ಮುಖ್ಯಮಂತ್ರಿ 19ರಂದು ವಿಶ್ವಾಸಮತಕ್ಕೆ ಮೊದಲೇ ರಾಜೀನಾಮೆ ಕೊಟ್ಟರು. 2017ರಲ್ಲಿ ರಾಜ್ಯಸಭೆಯ ಚುನಾವಣೆಗೆ ಮುನ್ನ ಗುಜರಾತಿನ ಕಾಂಗ್ರೆಸ್ ಶಾಸಕರು ಬಿಡದಿಯ ರೆಸಾರ್ಟಿಗೆ ಬಂದರು. 2019ರಲ್ಲಿ ನಮ್ಮ ಶಾಸಕರು ಮುಂಬಯಿಯ ಹೋಟೆಲಿಗೆ ಹೋದರು. ಇಂಥ ನಾಡಿನಲ್ಲಿ ಕುರ್ಚಿ ಮತ್ತು ಬಸ್ಸನ್ನು ಬರೆಯದೆ ಬೇರೇನು ಬರೆಯುವುದು? 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಕೆತ್ತಿದ ಕಟ್ಟಡವಂತೂ ಅಡಿಬರಹವನ್ನು ತನ್ನ ಹಣೆಯ ಮೇಲೇ ಹೊತ್ತು ನಿಂತಿದೆ. ಆದರೂ ಬೇಸರದ ದೂರು ನ್ಯಾಯವಾದದ್ದು. ಗುರುತು ಹಳೆಯದಾದರೂ ಅದಕ್ಕೆ ಹೊಸ ಕೆಲಸ ಕೊಡಬೇಕು. ಕುರ್ಚಿಯ ಕಾಲು ಮುರಿದಿದೆ ಎಂದು ಬರೆದು ಸುಮ್ಮನಾಗುವುದು ಸೋಮಾರಿತನ. ಆ ಕಾಲನ್ನು ಈ ಬಾರಿ ಯಾವ ಊರಿನ ಬರ, ಯಾವ ಆಸ್ಪತ್ರೆಯ ಹಣ ಕೊಟ್ಟು ಕೂಡಿಸಿದರು ಎಂದು ತೋರಿಸಿದಾಗ ಮಾತ್ರ ಅದು ಆ ದಿನದ ಚಿತ್ರವಾಗುತ್ತದೆ.

ಒಬ್ಬರ ಮೂಗು, ಹೊಟ್ಟೆ ದೊಡ್ಡದು ಮಾಡಿ ಬರೆಯೋದು ಅವಮಾನ ಅಲ್ವಾ?

ಎಲ್ಲಿ ಗೆರೆ ಎಳೆಯಬೇಕೆಂಬುದು ಕಷ್ಟದ ಪ್ರಶ್ನೆ, ಆದರೆ ಉತ್ತರವಿಲ್ಲದ ಪ್ರಶ್ನೆಯಲ್ಲ. ಗುರುತಿಸಲು ಬೇಕಾದಷ್ಟು ಹಿಗ್ಗಿಸುವುದು ಈ ಕಲೆಯ ವ್ಯಾಕರಣ. ಅಮೆರಿಕದ ಥಾಮಸ್ ನ್ಯಾಸ್ಟ್ ಬರೆದ ಚಿತ್ರಗಳು ಎಷ್ಟು ನಿಖರವಾಗಿದ್ದವೆಂದರೆ, ದೇಶ ಬಿಟ್ಟು ಓಡಿಹೋಗಿದ್ದ ನ್ಯೂಯಾರ್ಕಿನ ಭ್ರಷ್ಟ ರಾಜಕಾರಣಿ ಟ್ವೀಡ್‌ನನ್ನು 1876ರಲ್ಲಿ ಸ್ಪೇನಿನಲ್ಲಿ ಗುರುತು ಹಿಡಿದದ್ದು ಆ ವ್ಯಂಗ್ಯಚಿತ್ರದ ನೆರವಿನಿಂದಲೇ. ನಡತೆಗೆ ಅಂಟಿಕೊಂಡ ಉತ್ಪ್ರೇಕ್ಷೆಯನ್ನು ನಾನು ಒಪ್ಪುತ್ತೇನೆ: ಸದಾ ನಿದ್ದೆ ಹೋಗುವವರನ್ನು ನಿದ್ದೆಯಲ್ಲಿ, ಮಾತು ತಪ್ಪುವವರನ್ನು ಉದ್ದ ನಾಲಗೆಯಲ್ಲಿ ತೋರಿಸುವುದು ಅವರ ಸಾರ್ವಜನಿಕ ಬದುಕಿನ ಮೇಲಿನ ಟೀಕೆ. ಜಾತಿ, ಬಣ್ಣ, ಅಂಗವೈಕಲ್ಯ, ಹೆಣ್ಣಿನ ದೇಹ ಇವುಗಳನ್ನು ಹಿಡಿದು ನಗಿಸುವುದು ಟೀಕೆಯಲ್ಲ, ಏಕೆಂದರೆ ಅವು ಯಾರೂ ಅಧಿಕಾರದಲ್ಲಿದ್ದು ಮಾಡಿದ ಕೆಲಸಗಳಲ್ಲ. ನನ್ನ ಲೆಡ್ಜರುಗಳನ್ನು ತಿರುವಿದರೆ, ರಾಜಕಾರಣಿ ಮಹಿಳೆಯರನ್ನು ಲಟ್ಟಣಿಗೆ ಹಿಡಿದ ಗೃಹಿಣಿಯರಾಗಿ ಬರೆದ ಚಿತ್ರಗಳು ಬೇಕಾದಷ್ಟು ಸಿಗುತ್ತವೆ; ಅವನ್ನು ಅಂಟಿಸಿದಾಗ ನನಗೇ ಅದು ತಪ್ಪೆಂದು ಹೊಳೆದಿರಲಿಲ್ಲ ಎಂಬುದಕ್ಕೆ ಇಂದು ಸಂಕಟವಾಗುತ್ತದೆ.

## ಕಾನೂನು ಮತ್ತು ಕೋಪ

ಮಂತ್ರಿಗಳ ಬಗ್ಗೆ ಕಾರ್ಟೂನ್ ಬರೆದ್ರೆ ಜೈಲಿಗೆ ಹಾಕಬಹುದಾ?

ಕಾರ್ಟೂನ್ ಬರೆಯುವುದು ಅಪರಾಧವಲ್ಲ. ಸಂವಿಧಾನದ 19ನೆಯ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಅದೂ ಸೇರಿದೆ, ಅದೇ ವಿಧಿಯ ಮಿತಿಗಳಿಗೂ ಒಳಪಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾನಹಾನಿ, ಗುಂಪುಗಳ ನಡುವೆ ದ್ವೇಷ, ಧಾರ್ಮಿಕ ಭಾವನೆಗೆ ಧಕ್ಕೆ ಇವುಗಳ ಕಲಮುಗಳನ್ನು ಕಾರ್ಟೂನಿಗೆ ಅನ್ವಯಿಸಲು ಪ್ರಯತ್ನಿಸಬಹುದು. ಸಂಕಟವಿರುವುದು ತೀರ್ಪಿನಲ್ಲಿ ಅಲ್ಲ, ತೀರ್ಪಿನವರೆಗಿನ ದಾರಿಯಲ್ಲಿ. ಮಮತಾ ಬ್ಯಾನರ್ಜಿಯವರ ಬಗೆಗಿನ ವ್ಯಂಗ್ಯಚಿತ್ರವೊಂದನ್ನು ಇಮೇಲಿನಲ್ಲಿ ಕಳುಹಿಸಿದ್ದಕ್ಕೆ ಜಾಧವಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಅವರನ್ನು 2012ರ ಏಪ್ರಿಲಿನಲ್ಲಿ ಬಂಧಿಸಲಾಯಿತು. ಅವರ ಮೇಲೆ ಹೊರಿಸಿದ್ದ ಆರೋಪಗಳಲ್ಲಿದ್ದ, ಆಕ್ಷೇಪಾರ್ಹ ಸಂದೇಶ ಕಳುಹಿಸುವುದನ್ನು ಅಪರಾಧವೆನ್ನುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಹಾಗಿದ್ದೂ ಅವರು ಪ್ರಕರಣದಿಂದ ಬಿಡುಗಡೆ ಹೊಂದಿದ್ದು 2023ರಲ್ಲಿ.

ಅದೇ 2012ರಲ್ಲಿ ವ್ಯಂಗ್ಯಚಿತ್ರಕಾರ ಅಸೀಮ್ ತ್ರಿವೇದಿಯವರ ಮೇಲೆ ಮುಂಬಯಿಯಲ್ಲಿ ರಾಜದ್ರೋಹದ ಆರೋಪ ಹೊರಿಸಲಾಯಿತು. ಅವರ ಚಿತ್ರಗಳಲ್ಲಿ ಹಾಸ್ಯವೂ ಮೊನಚೂ ಇಲ್ಲ, ಬರಿಯ ಸಿಟ್ಟು ಮತ್ತು ಜಿಗುಪ್ಸೆ ಇವೆ ಎಂದು ಬಾಂಬೆ ಹೈಕೋರ್ಟ್ 2015ರಲ್ಲಿ ಹೇಳಿತು. ಆದರೆ ಅಷ್ಟರಿಂದ ಅದು ರಾಜದ್ರೋಹವಾಗುವುದಿಲ್ಲವೆಂದೂ ಸ್ಪಷ್ಟಪಡಿಸಿತು. ಈ ಎರಡನೆಯ ಮಾತು ಬಹಳ ಬೆಲೆಯುಳ್ಳದ್ದು. ಚಿತ್ರ ಚೆನ್ನಾಗಿದೆಯೇ ಎಂಬುದು ಓದುಗನ ಪ್ರಶ್ನೆ, ಅದು ಅಪರಾಧವೇ ಎಂಬುದು ನ್ಯಾಯಾಲಯದ ಪ್ರಶ್ನೆ, ಒಂದರ ಉತ್ತರವನ್ನು ಇನ್ನೊಂದಕ್ಕೆ ಬಳಸಬಾರದು.

ಶಾಸಕರಿಗೆ ಕೋಪ ಬಂದ್ರೆ ಸದನವೇ ಶಿಕ್ಷೆ ಕೊಡಬಹುದಂತೆ, ನಿಜವಾ?

ನಿಜ. ಸಂವಿಧಾನದ 194ನೆಯ ವಿಧಿ ರಾಜ್ಯ ಶಾಸಕಾಂಗಗಳಿಗೆ ಹಕ್ಕುಬಾಧ್ಯತೆಗಳನ್ನು ಕೊಟ್ಟಿದೆ, ಅವುಗಳನ್ನು ಕ್ರೋಡೀಕರಿಸಿದ ಕಾಯ್ದೆ ಇಂದಿಗೂ ಆಗಿಲ್ಲ. 1987ರಲ್ಲಿ ತಮಿಳಿನ 'ಆನಂದ ವಿಕಟನ್' ತನ್ನ ಮುಖಪುಟದಲ್ಲಿ ವೇದಿಕೆಯ ಮೇಲೆ ಕುಳಿತ ಇಬ್ಬರ ಚಿತ್ರ ಹಾಕಿತು. ಇವರಲ್ಲಿ ಶಾಸಕ ಯಾರು, ಮಂತ್ರಿ ಯಾರು ಎಂದು ಪ್ರಶ್ನೆ; ಜೇಬುಗಳ್ಳನಂತೆ ಕಾಣುವವನು ಶಾಸಕ, ಮುಖವಾಡದ ದರೋಡೆಕೋರನಂತೆ ಕಾಣುವವನು ಮಂತ್ರಿ ಎಂದು ಉತ್ತರ. ಸಂಪಾದಕ ಎಸ್. ಬಾಲಸುಬ್ರಮಣಿಯನ್ ಅವರಿಗೆ ವಿಧಾನಸಭೆ ಮೂರು ತಿಂಗಳ ಸೆರೆವಾಸ ವಿಧಿಸಿತು. ಎಲ್ಲೆಡೆಯಿಂದ ಪ್ರತಿಭಟನೆ ಬಂದು ಕೆಲವೇ ದಿನಗಳಲ್ಲಿ ಅವರನ್ನು ಬಿಡುಗಡೆ ಮಾಡಬೇಕಾಯಿತು. ಮುಂದೆ ಮದ್ರಾಸ್ ಹೈಕೋರ್ಟ್ ಅವರಿಗೆ 1,000 ರೂಪಾಯಿ ಪರಿಹಾರ ಕೊಡಿಸಿತು. ಚಿತ್ರದಲ್ಲಿ ಯಾವ ಶಾಸಕರ ಹೆಸರೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಅದು ತಮ್ಮನ್ನೇ ಕುರಿತದ್ದೆಂದು ತೀರ್ಮಾನಿಸಿದವರು ಶಾಸಕರೇ.

ಕರ್ನಾಟಕವೂ ಇದರಿಂದ ದೂರವಿಲ್ಲ. 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆ ಇಬ್ಬರು ಪತ್ರಿಕಾ ಸಂಪಾದಕರಿಗೆ ಒಂದು ವರ್ಷದ ಸೆರೆ ಮತ್ತು 10,000 ರೂಪಾಯಿ ದಂಡ ಘೋಷಿಸಿತು. ಅಲ್ಲಿ ಕಾರಣವಾದದ್ದು ಲೇಖನಗಳು, ಚಿತ್ರವಲ್ಲ. ಅಧಿಕಾರ ಮಾತ್ರ ಅದೇ. ದೂರು ಕೊಟ್ಟವರೂ ತೀರ್ಪು ಕೊಡುವವರೂ ಒಂದೇ ಸಭೆಯವರಾಗುವ ಈ ಪದ್ಧತಿ ಬದಲಾಗಬೇಕೆಂದು ನಾನು ದೃಢವಾಗಿ ನಂಬುತ್ತೇನೆ.

ಅಂಬೇಡ್ಕರ್ ಬಸವನಹುಳು ಮೇಲೆ ಕೂತಿರೋ ಕಾರ್ಟೂನ್ ಬಗ್ಗೆ ನಿಮ್ಮ ಅಭಿಪ್ರಾಯ ಏನು? ಅದನ್ನ ತೆಗೆದದ್ದು ಸರಿಯಾ?

ವ್ಯಂಗ್ಯಚಿತ್ರಕಾರ ಶಂಕರ್ ಬರೆದ ಆ ಚಿತ್ರ 1949ರದು. ಸಂವಿಧಾನವೆಂಬ ಬಸವನಹುಳುವಿನ ಮೇಲೆ ಚಾವಟಿ ಹಿಡಿದ ಅಂಬೇಡ್ಕರ್, ಹಿಂದೆ ಚಾವಟಿ ಎತ್ತಿದ ನೆಹರೂ, ಸುತ್ತ ನೋಡುತ್ತಿರುವ ಜನ. ಸಂವಿಧಾನ ರಚನೆ ನಿಧಾನವಾಗುತ್ತಿದೆ ಎಂಬುದು ಅದರ ಮೇಲ್ನೋಟದ ಮಾತು. ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯ 11ನೆಯ ತರಗತಿಯ ಪುಸ್ತಕದಲ್ಲಿದ್ದ ಆ ಚಿತ್ರದ ಬಗ್ಗೆ 2012ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಗದ್ದಲವಾಗಿ, ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಆ ಪುಸ್ತಕದ ಸಲಹೆಗಾರರಾಗಿದ್ದ ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳಶೀಕರ್ ರಾಜೀನಾಮೆ ಕೊಟ್ಟರು; ಪುಣೆಯಲ್ಲಿ ಪಳಶೀಕರ್ ಅವರ ಕಚೇರಿಯ ಮೇಲೆ ದಾಳಿ ನಡೆಯಿತು.

ಮೊದಮೊದಲು ನಾನು ಇದನ್ನು ಬರಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಪ್ರಶ್ನೆಯಾಗಿ ನೋಡಿದ್ದೆ. ಒಂದು ಸಂವಾದದಲ್ಲಿ ಒಬ್ಬ ದಲಿತ ವಿದ್ಯಾರ್ಥಿ ಎದ್ದು, "ಸಾರ್, ಚಾವಟಿ ಯಾರ ಬೆನ್ನಿನ ಮೇಲೆ ಬಿದ್ದದ್ದೆಂಬುದು ನಮ್ಮ ಮನೆಯಲ್ಲಿ ನೆನಪಿದೆ" ಎಂದಾಗ ನನಗೆ ಉತ್ತರ ಹೊಳೆಯಲಿಲ್ಲ. ನೋಡುಗನೇ ಅರ್ಥವನ್ನು ಪೂರೈಸಬೇಕೆಂದು ಹೇಳುವ ನಾವು, ಎಲ್ಲ ನೋಡುಗರೂ ಒಂದೇ ನೆನಪಿನಿಂದ ಪೂರೈಸುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಆ ಕಾಲದ ಇಂಗ್ಲಿಷ್ ಪತ್ರಿಕೆಗಳಲ್ಲಿ ಅಂಬೇಡ್ಕರ್ ಅವರನ್ನು ಬರೆದ ಚಿತ್ರಗಳನ್ನು ಉನ್ನಮತಿ ಶ್ಯಾಮ ಸುಂದರ್ ಒಟ್ಟುಗೂಡಿಸಿದ ಮೇಲೆ, ಮತ್ತೆ ಮತ್ತೆ ಅವರನ್ನು ಕುಗ್ಗಿಸಿಯೇ ಬರೆದಿದ್ದ ಸಂಗತಿ ಕಣ್ಣಿಗೆ ಕಾಣುವಂತಾಯಿತು. ಹೀಗಾಗಿ ನನ್ನ ಇಂದಿನ ಉತ್ತರ ಎರಡು ಭಾಗದ್ದು: ದಾಳಿಯನ್ನು ಯಾವ ಕಾರಣಕ್ಕೂ ಒಪ್ಪಲಾಗದು, ಚಿತ್ರವನ್ನು ಕಿತ್ತು ತೆಗೆಯುವ ಬದಲು, ಆ ವಿದ್ಯಾರ್ಥಿಯ ಪ್ರಶ್ನೆಯನ್ನೂ ಅದರ ಪಕ್ಕದಲ್ಲೇ ಅಚ್ಚು ಹಾಕಿದ್ದರೆ ತರಗತಿಯಲ್ಲಿ ನಿಜವಾದ ಪಾಠ ನಡೆಯುತ್ತಿತ್ತು.

ಇದೇ ಶಂಕರ್ ಅವರಿಗೆ ನೆಹರೂ, ತನ್ನನ್ನೂ ಬಿಡಬೇಡವೆಂದು ಹೇಳಿದ ಮಾತು ಪ್ರಸಿದ್ಧವಾಗಿದೆ. 1948ರಲ್ಲಿ ಆರಂಭವಾದ ಶಂಕರ್ ಅವರ ವಾರಪತ್ರಿಕೆ 1975ರಲ್ಲಿ, ತುರ್ತು ಪರಿಸ್ಥಿತಿ ಬಂದ ಎರಡೇ ತಿಂಗಳಲ್ಲಿ, ನಿಂತಿತು.

## ಬರೆಯುವವರು ಮತ್ತು ಪ್ರಕಟಿಸುವವರು

ಈಗ ವಾಟ್ಸ್ಆ್ಯಪ್ ತುಂಬಾ ಮೀಮ್‌ಗಳೇ. ಕಾರ್ಟೂನ್ ಯಾರಿಗೆ ಬೇಕು?

ಮೀಮ್‌ಗೆ ವೇಗವಿದೆ, ಅದನ್ನು ಮಾಡಿದವರ ಹೆಸರಿಲ್ಲ. ವ್ಯಂಗ್ಯಚಿತ್ರದ ಕೆಳಗೆ ಸಹಿ ಇರುತ್ತದೆ, ಅದು ತಪ್ಪಾದರೆ ಉತ್ತರ ಕೊಡಬೇಕಾದವರು ಯಾರೆಂದು ಗೊತ್ತಿರುತ್ತದೆ. ಇದು ಸಣ್ಣ ವ್ಯತ್ಯಾಸವಲ್ಲ. ಅಂತರ್ಜಾಲದಲ್ಲಿ ಓದುಗರು ಹೆಚ್ಚಿದಂತೆ ಅಪಾಯವೂ ಬೇರೆ ರೂಪ ತಾಳಿದೆ: 2025ರ ಫೆಬ್ರುವರಿಯಲ್ಲಿ, ಟ್ರಂಪ್ ಎದುರು ಸರಪಳಿಯಲ್ಲಿ ಕುಳಿತ ಪ್ರಧಾನಿ ಮೋದಿಯವರ ಚಿತ್ರವನ್ನು ಪ್ರಕಟಿಸಿದ್ದಕ್ಕೆ 'ವಿಕಟನ್' ಸಂಸ್ಥೆಯ ಇಡೀ ಜಾಲತಾಣವನ್ನೇ ತಡೆಹಿಡಿಯಲಾಯಿತು. ಆ ಚಿತ್ರವನ್ನು ಸದ್ಯಕ್ಕೆ ತೆಗೆಯುವ ಷರತ್ತಿನ ಮೇಲೆ ತಾಣವನ್ನು ತೆರೆಯುವಂತೆ ಮದ್ರಾಸ್ ಹೈಕೋರ್ಟ್ ಮಾರ್ಚಿನಲ್ಲಿ ಆದೇಶಿಸಿತು. ಒಂದು ಪುಟಕ್ಕಾಗಿ ಇಡೀ ಗ್ರಂಥಾಲಯಕ್ಕೆ ಬೀಗ ಹಾಕಿದಂತಾಯಿತು ಇದು.

ಸಂಪಾದಕರೇ "ಇದು ಬೇಡ" ಅಂದ್ರೆ ಕಾರ್ಟೂನಿಸ್ಟ್ ಏನು ಮಾಡಬೇಕು? ಚಿತ್ರ ಯಾರ ಸ್ವತ್ತು?

ಸಂಪಾದಕನಿಗೆ ಬೇಡವೆನ್ನುವ ಅಧಿಕಾರವಿದೆ. ಚಿತ್ರಕಾರನಿಗೆ ಕಾರಣ ಕೇಳುವ, ಕೊನೆಗೆ ಹೊರನಡೆಯುವ ಸ್ವಾತಂತ್ರ್ಯವಿದೆ. 2025ರ ಜನವರಿಯಲ್ಲಿ 'ವಾಷಿಂಗ್ಟನ್ ಪೋಸ್ಟ್'ನ ಆ್ಯನ್ ಟೆಲ್ನೇಸ್, ಪತ್ರಿಕೆಯ ಮಾಲೀಕರೂ ಸೇರಿದಂತೆ ಶ್ರೀಮಂತ ಉದ್ಯಮಿಗಳನ್ನು ಟೀಕಿಸಿದ ಚಿತ್ರ ತಿರಸ್ಕೃತವಾದಾಗ ರಾಜೀನಾಮೆ ಕೊಟ್ಟರು, ಅದೇ ವರ್ಷ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. 'ನ್ಯೂಯಾರ್ಕ್ ಟೈಮ್ಸ್' 2019ರ ಜುಲೈನಿಂದ ತನ್ನ ಅಂತರರಾಷ್ಟ್ರೀಯ ಆವೃತ್ತಿಯ ರಾಜಕೀಯ ವ್ಯಂಗ್ಯಚಿತ್ರವನ್ನೇ ನಿಲ್ಲಿಸಿತು. ಚಿತ್ರವೊಂದು ತಪ್ಪಾಯಿತೆಂದು ಕಲೆಯನ್ನೇ ಕೈಬಿಟ್ಟ ಆ ನಿರ್ಧಾರ ನನಗೆ ಇಂದಿಗೂ ನೋವಿನದು.

ಹಕ್ಕುಸ್ವಾಮ್ಯದ ವಿಷಯದಲ್ಲಿ ನಮ್ಮ ಯುವ ಚಿತ್ರಕಾರರು ತಿಳಿದಿರಬೇಕಾದ ಒಂದು ಸಂಗತಿಯಿದೆ. 1957ರ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಪತ್ರಿಕೆಯ ನೌಕರಿಯಲ್ಲಿದ್ದು ಬರೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕನದು; ಉಳಿದೆಲ್ಲ ಹಕ್ಕುಗಳ ಮೊದಲ ಒಡೆಯ ಚಿತ್ರಕಾರನೇ. ಆದ್ದರಿಂದ ಸಹಿ ಹಾಕುವ ಮೊದಲು ಒಪ್ಪಂದವನ್ನು ಪೂರ್ತಿ ಓದಿ.

ನನ್ನ ಮಗಳಿಗೆ ಕಾರ್ಟೂನಿಸ್ಟ್ ಆಗೋ ಆಸೆ. ಎಲ್ಲಿಂದ ಶುರು ಮಾಡಿಸಲಿ?

ಪತ್ರಿಕೆ ಓದುವುದರಿಂದ. ಚೆನ್ನಾಗಿ ಚಿತ್ರ ಬರೆಯುವ ಮಕ್ಕಳು ಬಹಳ ಮಂದಿ ಸಿಗುತ್ತಾರೆ, ಬಜೆಟ್ ಎಂದರೇನು, ಪಕ್ಷಾಂತರ ನಿಷೇಧ ಕಾಯ್ದೆ ಏನು ಹೇಳುತ್ತದೆ ಎಂದು ತಿಳಿದು ಬರೆಯುವವರು ಕಡಿಮೆ. ಗೆರೆಗಾಗಿ ಎದುರಿಗಿರುವುದನ್ನೇ ಬರೆಯಲಿ. ಲಕ್ಷ್ಮಣ್ ಹುಡುಗನಾಗಿದ್ದಾಗಿನಿಂದ ಕೊನೆಯವರೆಗೂ ಕಾಗೆಗಳನ್ನು ಬರೆದರು. ಬಸ್ ನಿಲ್ದಾಣದಲ್ಲಿ ಕಾಯುವವರ ಬೆನ್ನು, ಗ್ರಾಮಸಭೆಯಲ್ಲಿ ಮೈಕು ಹಿಡಿದ ಕೈ, ಸದನದ ನೇರಪ್ರಸಾರದಲ್ಲಿ ಕಾಣುವ ಆಕಳಿಕೆ ಇವೆಲ್ಲ ಅವಳ ಪುಸ್ತಕಕ್ಕೆ ಬರಲಿ. ಹಿಂದೆ ಸತುವಿನ ಅಚ್ಚಿನಲ್ಲಿ ಕಪ್ಪು ಬಿಳುಪು ಬಿಟ್ಟರೆ ಬೂದುಬಣ್ಣ ಮೂಡುತ್ತಿರಲಿಲ್ಲ, ನೆರಳನ್ನೂ ಗೆರೆಗಳಿಂದಲೇ ಹೆಣೆಯಬೇಕಾಗಿತ್ತು. ಟ್ಯಾಬ್ಲೆಟ್ಟಿನಲ್ಲಿ ಬರೆಯುವವರಿಗೂ ಆ ಶಿಸ್ತು ಒಳ್ಳೆಯದು.

ಬೆಂಗಳೂರಿಗೆ ಬಂದಾಗ ಎಂ.ಜಿ. ರಸ್ತೆಯ ಬಳಿ ಮಿಡ್‌ಫೋರ್ಡ್ ಹೌಸ್‌ನಲ್ಲಿರುವ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಅವಳನ್ನು ಕರೆದುಕೊಂಡು ಹೋಗಿ. ಕುಂದಾಪುರದ ಕಡೆಯವರಾದರೆ ಸತೀಶ್ ಆಚಾರ್ಯ, ಪಂಜು ಗಂಗೊಳ್ಳಿಯಂಥವರನ್ನು ಕೊಟ್ಟ ಆ ನೆಲದಲ್ಲಿ ನಡೆಯುವ ಕಾರ್ಟೂನು ಹಬ್ಬಕ್ಕೆ ಹೋಗಿ. ಮನೆಯಲ್ಲಿ ಒಂದು ಅಭ್ಯಾಸ ಮಾಡಿಸಿ: ಅವಳು ಬರೆದ ಚಿತ್ರದ ಅಡಿಬರಹವನ್ನು ಬೆರಳಿನಿಂದ ಮುಚ್ಚಿ, ಅಜ್ಜಿಗೆ ತೋರಿಸಿ, ಇದರಲ್ಲಿ ಏನು ನಡೆಯುತ್ತಿದೆ ಎಂದು ಕೇಳಲಿ. ಅಜ್ಜಿ ಏನು ಹೇಳಿದರೋ ಅದನ್ನು ಚಿತ್ರದ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಲಿ.